ವಾಕ್ಯದ ತುದಿಯಲ್ಲಿ ಪಾತ್ರ: ಜಪಾನೀ ಅನಿಮೆಯ ವಾಕ್ಯಾಂತ್ಯ ರೂಪಗಳನ್ನು ಕುರಿತು

ಸಾರಾಂಶ

ಜಪಾನೀ ಅನಿಮೆಯ ಪಾತ್ರಗಳು ತಮ್ಮ ಮಾತಿನ ಕೊನೆಯಲ್ಲಿ ಮತ್ತೆ ಮತ್ತೆ ಬಳಸುವ ವಿಶಿಷ್ಟ ರೂಪಗಳನ್ನು ಈ ಲೇಖನ ಪರಿಶೀಲಿಸುತ್ತದೆ. ಇವು ಅರ್ಥವಿಲ್ಲದ ಅಲಂಕಾರಗಳಲ್ಲ. ಜಪಾನೀ ವಾಕ್ಯರಚನೆ ಒದಗಿಸುವ ನಿಶ್ಚಿತ ಸ್ಥಾನಗಳಲ್ಲಿ ಮಾತ್ರ ಇವು ಬರುತ್ತವೆ. ಒಂದು ರೂಪಕ್ಕಿದ್ದ ಬಳಕೆಯ ನಿಬಂಧನೆ ಕಳಚಿಹೋದಾಗ ಅದು ‘ಹೇಳುತ್ತಿರುವವರು ಯಾರು’ ಎಂಬುದರ ಸೂಚಕವಾಗಿ ಉಳಿಯುತ್ತದೆ ಎಂಬುದು ಇಲ್ಲಿಯ ಮುಖ್ಯ ವಾದ. ‘ದತ್ತೆಬಯೊ’ ಎಂಬ ರೂಪವನ್ನು ಕನ್ನಡದ ‘ಅಂದ್ರೆ’ಯೊಡನೆ ಹೋಲಿಸಿ ಈ ವಾದವನ್ನು ವಿವರಿಸಲಾಗಿದೆ. ಉಪಭಾಷೆಗಳು ಪಾತ್ರದ ವೇಷವಾಗಿ ಬಳಕೆಯಾದಾಗ ಅವುಗಳನ್ನಾಡುವ ಜನರಿಗೆ ಆಗುವುದೇನು ಎಂಬ ಪ್ರಶ್ನೆಯನ್ನೂ ಎತ್ತಲಾಗಿದೆ.

ಕೀಲಿಪದಗಳು: ಪಾತ್ರಭಾಷೆ, ಪಾತ್ರಾಂತ್ಯ, ವಾಕ್ಯಾಂತ್ಯ ನಿಪಾತ, ಸಂಯೋಜಕ ಕ್ರಿಯೆ, ಸೂಚಕತ್ವ, ಉಪಭಾಷೆ

1. ಪೀಠಿಕೆ

ಅನಿಮೆಯ ಮೂಲಕ ಜಪಾನೀ ಭಾಷೆಯ ಪರಿಚಯ ಮಾಡಿಕೊಂಡ ವಿದ್ಯಾರ್ಥಿಗಳು ಭಾಷಾವಿಜ್ಞಾನದ ತರಗತಿಗೆ ಬಂದಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: ನರುತೊ ಮಾತುಮಾತಿಗೂ ಸೇರಿಸುವ ‘ದತ್ತೆಬಯೊ’ ಎಂಬುದರ ಅರ್ಥವೇನು? ನಿಘಂಟಿನಲ್ಲಿ ಆ ರೂಪ ಇಡಿಯಾಗಿ ಸಿಗುವುದಿಲ್ಲ. 2002ರಲ್ಲಿ ಆರಂಭವಾದ ಆ ಸರಣಿಯ ಇಂಗ್ಲಿಷ್ ಅವತರಣಿಕೆಯ ಮೊದಲ ಭಾಗದಲ್ಲಿ ಅದರ ಜಾಗಕ್ಕೆ ‘ಬಿಲೀವ್ ಇಟ್’ ಎಂಬ ಮಾತು ಬಂದಿತು. ‘ನಂಬು’ ಎಂದು ಹೇಳುವ ಯಾವ ಅಂಶವೂ ಮೂಲ ರೂಪದಲ್ಲಿಲ್ಲ. ಹಾಗೆಂದು ಅನುವಾದಕರು ಏನನ್ನೋ ಹುಟ್ಟುಹಾಕಿದರು ಎನ್ನುವುದೂ ಸರಿಯಲ್ಲ. ಅವರು ಎದುರಿಸಿದ್ದು ಪದದ ಅರ್ಥದ ಸಮಸ್ಯೆಯನ್ನಲ್ಲ, ಪಾತ್ರದ ಗುರುತಿನ ಸಮಸ್ಯೆಯನ್ನು.

ಇಂತಹ ರೂಪಗಳನ್ನು ಮಕ್ಕಳ ಮನರಂಜನೆಯ ಸರಕೆಂದು ಬದಿಗಿಡುವ ಪ್ರವೃತ್ತಿ ನಮ್ಮಲ್ಲಿದೆ. ಲೇಖಕರು ಬೇಕೆಂದೇ ಕಟ್ಟಿದ ಮಾತು ಸಹಜ ಭಾಷೆಯ ದತ್ತಾಂಶವಾಗಲಾರದು ಎಂಬುದು ಅದರ ಹಿಂದಿರುವ ತರ್ಕ. ಆದರೆ ಕಟ್ಟಿದ ಮಾತೂ ಕಟ್ಟುವವರ ವ್ಯಾಕರಣಪ್ರಜ್ಞೆಯಿಂದಲೇ ಹುಟ್ಟುತ್ತದೆ. ಅವರು ಏನನ್ನು ಬದಲಿಸಿದರು, ಏನನ್ನು ಮುಟ್ಟಲಿಲ್ಲ ಎಂಬುದರಲ್ಲಿ ಆ ವ್ಯಾಕರಣದ ಗಡಿರೇಖೆಗಳು ಕಾಣುತ್ತವೆ. (ಈ ಲೇಖನದಲ್ಲಿ ಜಪಾನೀ ಸ್ವರಗಳ ಹ್ರಸ್ವ-ದೀರ್ಘ ಭೇದವನ್ನು ಕನ್ನಡ ಲಿಪಿಯಲ್ಲಿ ಉಳಿಸಿಕೊಂಡಿದೆ, ಘೋಷ ಊಷ್ಮ ಧ್ವನಿಗೆ ‘ಜ಼’ ಬಳಸಲಾಗಿದೆ.)

2. ಪಾತ್ರಭಾಷೆ ಮತ್ತು ಪಾತ್ರಾಂತ್ಯ

ಒಂದು ಮಾತಿನ ಧಾಟಿಯನ್ನು ಕೇಳಿದೊಡನೆ ಒಂದು ನಿರ್ದಿಷ್ಟ ಬಗೆಯ ವ್ಯಕ್ತಿ ಮನಸ್ಸಿಗೆ ಬರುವುದಾದರೆ, ಅಥವಾ ಅಂತಹ ವ್ಯಕ್ತಿಯನ್ನು ತೋರಿಸಿದೊಡನೆ ಆ ಧಾಟಿ ನೆನಪಾಗುವುದಾದರೆ, ಅದನ್ನು ‘ಯಕುವರಿಗೊ’ ಎಂದು ಕರೆದವರು ಭಾಷಾಚರಿತ್ರೆಯ ವಿದ್ವಾಂಸ ಕಿನ್ಸುಯಿ ಸತೊಶಿ. ಅವರ 2003ರ ಗ್ರಂಥದಿಂದ ಈ ಪರಿಕಲ್ಪನೆ ವ್ಯಾಪಕವಾಗಿ ಪ್ರಚಾರಕ್ಕೆ ಬಂದಿತು. ಇದನ್ನು ಇಲ್ಲಿ ‘ಪಾತ್ರಭಾಷೆ’ ಎಂದು ಕರೆಯೋಣ. ಮುದುಕ, ವಿಜ್ಞಾನಿ, ಸಮುರಾಯಿ, ಸಿರಿವಂತರ ಮನೆಯ ಮಗಳು, ಹಳ್ಳಿಗ, ಪರದೇಶಿ ಹೀಗೆ ಪ್ರತಿಯೊಬ್ಬರಿಗೂ ಕಥಾಲೋಕದಲ್ಲಿ ಒಂದೊಂದು ಮಾತಿನ ಧಾಟಿ ನಿಗದಿಯಾಗಿದೆ. ವಾಸ್ತವದ ಮುದುಕರೂ ವಿಜ್ಞಾನಿಗಳೂ ಹಾಗೆ ಮಾತನಾಡುವುದಿಲ್ಲ ಎಂಬುದು ಜಪಾನೀಯರೆಲ್ಲರಿಗೂ ಗೊತ್ತು. ಆದರೂ ಅದನ್ನು ಗುರುತಿಸುವುದರಲ್ಲಿ ಯಾರೂ ತಪ್ಪುವುದಿಲ್ಲ.

ಪಾತ್ರಭಾಷೆ ಮುಖ್ಯವಾಗಿ ಎರಡು ಕಡೆ ನೆಲೆಸುತ್ತದೆ: ಉತ್ತಮ ಪುರುಷ ಸರ್ವನಾಮದಲ್ಲಿ ಮತ್ತು ವಾಕ್ಯದ ಕೊನೆಯಲ್ಲಿ. ಕೊನೆಯಲ್ಲಿ ಬರುವ ರೂಪಗಳಿಗೆ ‘ಕ್ಯರ-ಗೊಬಿ’ ಎಂಬ ಹೆಸರಿದೆ. ಅವನ್ನು ‘ಪಾತ್ರಾಂತ್ಯ’ ಎನ್ನಬಹುದು. ‘ಇದು ಮಳೆ’ ಎಂಬ ಒಂದೇ ಹೇಳಿಕೆ ಬೇರೆ ಬೇರೆ ಬಾಯಲ್ಲಿ ಹೇಗಾಗುತ್ತದೆ ಎಂಬುದನ್ನು (1)ರಲ್ಲಿ ನೋಡಬಹುದು. ‘ಅಮೆ’ ಎಂದರೆ ಮಳೆ.

(1) ಕ. ಅಮೆ ದ – ಸಾಮಾನ್ಯ ರೂಪ
ಖ. ಅಮೆ ದೆಸು – ಕೇಳುಗರಿಗೆ ಗೌರವ ತೋರುವ ರೂಪ
ಗ. ಅಮೆ ಜ – ಮುದುಕ ಅಥವಾ ಹಿರಿಯ ವಿಜ್ಞಾನಿ
ಘ. ಅಮೆ ದೆ ಗೊಜ಼ರು – ಸಮುರಾಯಿ
ಙ. ಅಮೆ ನರಿ – ‘ಕಿತೆರೆತ್ಸು ದಯ್‌ಹ್ಯಕ್ಕ’ದ ಯಂತ್ರಬಾಲಕ ಕೊರೊಸುಕೆ
ಚ. ಅಮೆ ದಚ್ಚ – ‘ಉರುಸೆಯ್ ಯತ್ಸುರ’ದ ಅನ್ಯಲೋಕದ ಯುವತಿ ಲಮ್
ಛ. ಅಮೆ ದೆ ಗೆಸೊ – ‘ಶಿನ್‌ರ್ಯಕು! ಇಕ ಮುಸುಮೆ’ಯ ಸಮುದ್ರಕನ್ಯೆ

ವಸ್ತುಸ್ಥಿತಿಯ ದೃಷ್ಟಿಯಿಂದ ಈ ಏಳೂ ವಾಕ್ಯಗಳ ಅರ್ಥ ಒಂದೇ. ಮಳೆಯ ಬಗ್ಗೆ ಇವು ಬೇರೆ ಬೇರೆ ಮಾಹಿತಿ ಕೊಡುವುದಿಲ್ಲ. ಬದಲಾಗುವುದು ಹೇಳುವವರು ಮಾತ್ರ. ಇವುಗಳಲ್ಲಿ ಮೊದಲ ಆರರ ಹಿಂದೆ ಭಾಷೆಯ ಚರಿತ್ರೆಯಿದೆ. ‘ನರಿ’ ಪ್ರಾಚೀನ ಜಪಾನೀ ಗದ್ಯದ ಸಂಯೋಜಕ ಕ್ರಿಯೆ. ‘ಗೊಜ಼ರು’ ಒಂದು ಕಾಲದ ಗೌರವಾರ್ಥಕ ಅಸ್ತಿತ್ವಕ್ರಿಯೆ. ‘ಜ’ ಪಶ್ಚಿಮ ಜಪಾನಿನ ರೂಪ. ‘ದಚ್ಚ’ವನ್ನು ಹೋಲುವ ಪ್ರಯೋಗ ಈಶಾನ್ಯದ ಮಿಯಗಿ ಪ್ರಾಂತದ ಮಾತಿನಲ್ಲಿದೆ. ಕೊನೆಯದು ಮಾತ್ರ ಪೂರ್ತಿಯಾಗಿ ಕಟ್ಟಿದ್ದು. ‘ಇಕ’ ಎಂದರೆ ನಮ್ಮ ಕರಾವಳಿಯವರು ಬೊಂಡಾಸ ಎನ್ನುವ ಸ್ಕ್ವಿಡ್; ‘ಗೆಸೊ’ ಅದರ ಕಾಲುಗಳಿಗೆ ಅಡುಗೆಯವರು ಹೇಳುವ ಮಾತು.

3. ಎರಡು ಸ್ಥಾನಗಳು

ಪಾತ್ರಾಂತ್ಯಗಳನ್ನು ಒಂದೇ ಗುಂಪೆಂದು ಎಣಿಸಬಾರದು ಎಂದು ತೋರಿಸಿದವರು ಸದನೊಬು ತೊಶಿಯುಕಿ. ಸಂಯೋಜಕ ಕ್ರಿಯೆಯ ಸ್ಥಾನವನ್ನೇ ಆಕ್ರಮಿಸುವ ರೂಪಗಳು ಒಂದು ವರ್ಗ. ವಾಕ್ಯಾಂತ್ಯ ನಿಪಾತಗಳೂ ಮುಗಿದ ಮೇಲೆ ಬರುವ ರೂಪಗಳು ಇನ್ನೊಂದು ವರ್ಗ. ಮೊದಲನೆಯದನ್ನು ‘ಪಾತ್ರ-ಸಂಯೋಜಕ’ ಎಂದೂ ಎರಡನೆಯದನ್ನು ‘ಪಾತ್ರ-ನಿಪಾತ’ ಎಂದೂ ಕರೆಯೋಣ.

(2) ಕ. ಅಮೆ ದೆ ಗೊಜ಼ರು ಯೊ
ಖ. ಅಮೆ ದ ಯೊ ಪ್ಯೋನ್

‘ಯೊ’ ಎಂಬುದು ಕೇಳುಗನ ಗಮನವನ್ನು ಹೇಳಿಕೆಯತ್ತ ಸೆಳೆಯುವ ಸಾಮಾನ್ಯ ನಿಪಾತ. (2ಕ)ದಲ್ಲಿ ಪಾತ್ರದ ರೂಪ ‘ಯೊ’ಕ್ಕಿಂತ ಮೊದಲು, ‘ದ’ ಇರಬೇಕಾದ ಜಾಗದಲ್ಲಿದೆ. (2ಖ)ದಲ್ಲಿ ‘ದ’ ತನ್ನ ಜಾಗದಲ್ಲೇ ಇದ್ದು, ಮೊಲದ ಕುಪ್ಪಳಿಕೆಯನ್ನು ನೆನಪಿಸುವ ‘ಪ್ಯೋನ್’ ‘ಯೊ’ದ ಆಚೆಗೆ ನಿಂತಿದೆ. 1999ರ ‘ದಿ ಜಿ ಕ್ಯರತ್’ ಸರಣಿಯ ದೆಜಿಕೊ ಬಳಸುವ ‘ನ್ಯೊ’ ಕೂಡ ‘ದ’ವನ್ನು ಕದಲಿಸದೆ ಅದರ ನಂತರ ಬರಬಲ್ಲದು.

ಈ ವರ್ಗೀಕರಣಕ್ಕೆ ಎರಡು ಮಾತು ಸೇರಿಸಬೇಕಾಗಿದೆ. ಮೊದಲನೆಯದಾಗಿ, ಸಂಯೋಜಕದ ಸ್ಥಾನಕ್ಕೆ ಬಂದ ರೂಪಗಳು ಮುಂದೆ ಎರಡು ದಾರಿ ಹಿಡಿಯುತ್ತವೆ. ಶಿಷ್ಟ ಜಪಾನೀ ಭಾಷೆಯಲ್ಲಿ ‘ದ’ ನಾಮಪದದ ನಂತರ ಬರುತ್ತದೆ. ಕ್ರಿಯಾಪದದ ನಂತರ ನೇರವಾಗಿ ಬರುವುದಿಲ್ಲ. ಲಮ್ ಇದನ್ನು ಪಾಲಿಸುತ್ತಾಳೆ: ನಾಮಪದವಾದರೆ ‘ಅಮೆ ದಚ್ಚ’, ಕ್ರಿಯಾಪದವಾದರೆ ‘ಇಕುಚ್ಚ’, ಅಂದರೆ ‘ಹೋಗುತ್ತೇನೆ’. ಆದರೆ ಸಮುದ್ರಕನ್ಯೆ ‘ಇಕು ದೆ ಗೆಸೊ’ ಎನ್ನುತ್ತಾಳೆ. ಸಮುರಾಯಿ ಪಾತ್ರಗಳೂ ‘ಇಕು ದೆ ಗೊಜ಼ರು’ ಎನ್ನುವುದುಂಟು. ಇಲ್ಲಿ ಸಂಯೋಜಕವು ತನ್ನ ನಾಮಪದದ ನಂಟನ್ನು ಬಿಟ್ಟು ಎಲ್ಲ ಆಖ್ಯಾತಗಳ ಹಿಂದೆಯೂ ಅಂಟುವ ಒಂದೇ ಮುದ್ರೆಯಾಗಿದೆ. ಯಾವ ವಾಕ್ಯದಲ್ಲೂ ಪಾತ್ರದ ಗುರುತು ತಪ್ಪಬಾರದೆಂಬ ಒತ್ತಡವೇ ಇದಕ್ಕೆ ಕಾರಣವೆಂದು ತೋರುತ್ತದೆ.

ಎರಡನೆಯದಾಗಿ, ಎರಡೂ ವರ್ಗದ ರೂಪಗಳು ಸಾಮಾನ್ಯವಾಗಿ ಪ್ರಧಾನ ವಾಕ್ಯಕ್ಕೆ ಸೀಮಿತ. ‘ಮಳೆಯೆಂದು ಅನಿಸುತ್ತದೆ’ ಎಂಬುದನ್ನು ದೆಜಿಕೊ (3ಕ)ದಂತೆ ಹೇಳಬಹುದು. (3ಖ)ದಂತೆ ಹೇಳಿದರೆ ಅದು ಬೇರೊಬ್ಬರ ಮಾತಿನ ನೇರ ಉದ್ಧರಣೆಯಾಗುತ್ತದೆ.

(3) ಕ. ಅಮೆ ದ ತೊ ಒಮೊಉ ನ್ಯೊ
ಖ. *ಅಮೆ ದ ನ್ಯೊ ತೊ ಒಮೊಉ

‘ಯೊ’, ‘ನೆ’ ಮುಂತಾದ ಸಹಜ ನಿಪಾತಗಳಿಗೂ ಇದೇ ನಿರ್ಬಂಧವಿದೆ. ನಿನ್ನೆ ಮೊನ್ನೆ ಹುಟ್ಟಿದ ‘ನ್ಯೊ’ಗೆ ಈ ನಿಯಮವನ್ನು ಯಾರೂ ಕಲಿಸಲಿಲ್ಲ. ಪಾತ್ರಾಂತ್ಯಗಳು ವ್ಯಾಕರಣದ ಹೊರಗಿನ ಸದ್ದುಗಳಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ. ಬೆಕ್ಕಿನ ಪಾತ್ರಗಳು ‘ನ’ಕಾರದ ಜಾಗದಲ್ಲಿ ‘ನ್ಯ’ ಉಚ್ಚರಿಸುವುದು ಮಾತ್ರ ಬೇರೆ ಬಗೆಯದು. ಅದು ಧ್ವನಿಯ ಮಟ್ಟದ ಪಲ್ಲಟವಾದ್ದರಿಂದ ವಾಕ್ಯದ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು.

4. ‘ದತ್ತೆಬಯೊ’: ಕೇಳುಗನಿಂದ ಹೇಳುಗನ ಕಡೆಗೆ

ಈಗ ಮೊದಲ ಪ್ರಶ್ನೆಗೆ ಮರಳಬಹುದು. ‘ದತ್ತೆಬಯೊ’ವನ್ನು ಬಿಡಿಸಿದರೆ ‘ದ’ ಎಂಬ ಸಂಯೋಜಕ, ‘ತ್ತೆಬ’ ಎಂಬ ನಿಪಾತ, ‘ಯೊ’ ಎಂಬ ಇನ್ನೊಂದು ನಿಪಾತ ಸಿಗುತ್ತವೆ. ಕ್ರಿಯಾಪದದ ನಂತರ ನರುತೊ ‘ದ’ವನ್ನು ಬಿಟ್ಟು ‘ತ್ತೆಬಯೊ’ ಎನ್ನುತ್ತಾನೆ. ಹಾಗಾಗಿ ಈ ವಿಭಜನೆ ಕೇವಲ ಕಾಗದದ ಮೇಲಿನದಲ್ಲ.

‘ತ್ತೆಬ’ದ ಮೂಲ ‘ತೊ ಇಎಬ’. ‘ತೊ’ ಉದ್ಧರಣೆಯ ಗುರುತು, ನಮ್ಮ ‘ಎಂದು’ವಿನಂತೆ. ‘ಇಎಬ’ ಎಂಬುದು ‘ಹೇಳು’ ಎಂಬ ಕ್ರಿಯೆಯ ನಿಬಂಧಕ ರೂಪ. ಒಟ್ಟಿನಲ್ಲಿ ಇದು ಕನ್ನಡದ ‘ಎಂದರೆ’, ಆಡುಮಾತಿನ ‘ಅಂದ್ರೆ’. ಎರಡು ಭಾಷೆಗಳಲ್ಲೂ ಈ ರಚನೆ ಪ್ರಧಾನ ವಾಕ್ಯವನ್ನು ಕಳೆದುಕೊಂಡು ವಾಕ್ಯದ ತುದಿಯಲ್ಲಿ ಒತ್ತಿಹೇಳುವ ರೂಪವಾಗಿದೆ. ತಾಯಿ ಮಗುವಿಗೆ ‘ಬಾ’ ಎಂದು ಕರೆದು, ಮಗು ಬಾರದಿದ್ದಾಗ ‘ಬಾ ಅಂದ್ರೆ!’ ಎನ್ನುತ್ತಾಳೆ. ಟೋಕಿಯೊದ ಮನೆಯೊಂದರಲ್ಲಿ ಇದೇ ಸಂದರ್ಭದಲ್ಲಿ ಕೇಳಿಬರುವುದು ‘ತ್ತೆಬ’. ಎರಡಕ್ಕೂ ಒಂದು ನಿಬಂಧನೆಯಿದೆ: ಹೇಳಿದ್ದನ್ನು ಕೇಳುಗ ಒಪ್ಪಿಲ್ಲ, ಅಥವಾ ಕಿವಿಗೆ ಹಾಕಿಕೊಂಡಿಲ್ಲ. ಮನೆಗೆ ಬಂದ ಅತಿಥಿಗೆ ಮೊದಲ ಮಾತಾಗಿಯೇ ‘ಬನ್ನಿ ಅಂದ್ರೆ’ ಎಂದರೆ ಅದು ಅಸಂಗತ.

ನರುತೊನ ಬಳಕೆಯಲ್ಲಿ ಕಳಚಿಹೋಗಿರುವುದು ಈ ನಿಬಂಧನೆ. ಎದುರಿನವರು ಅಲ್ಲಗಳೆದಿರಲಿ ಬಿಡಲಿ, ಮೊದಲ ಪರಿಚಯದ ಮಾತಾಗಿರಲಿ, ತನಗೆ ತಾನೇ ಹೇಳಿಕೊಳ್ಳುವ ಸಂಕಲ್ಪವಾಗಿರಲಿ, ಆ ರೂಪ ಬರುತ್ತದೆ. ಕೇಳುಗನ ಸ್ಥಿತಿಯನ್ನು ಅವಲಂಬಿಸಿದ್ದ ರೂಪ ಕೇಳುಗನಿಂದ ಬಿಡಿಸಿಕೊಂಡಿದೆ. ಸಂದರ್ಭಕ್ಕೆ ತಕ್ಕಂತೆ ಬರಬೇಕಾದದ್ದು ಸಂದರ್ಭ ನೋಡದೆ ಬಂದಾಗ, ಅದು ಸಂದರ್ಭದ ಬಗ್ಗೆ ಏನನ್ನೂ ಹೇಳಲಾರದು. ಆಡುವವನ ಬಗ್ಗೆ ಮಾತ್ರ ಹೇಳಬಲ್ಲದು. ಯಾರೂ ತನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಊರಿನಲ್ಲಿ ಬೆಳೆದ ಅನಾಥ ಹುಡುಗನಿಗೆ, ‘ನೀವು ಕೇಳುತ್ತಿಲ್ಲ’ ಎಂಬ ಪೂರ್ವಗ್ರಹೀತವುಳ್ಳ ರೂಪವೇ ಖಾಯಂ ಅಂತ್ಯವಾಗಿರುವುದು ಅರ್ಥಪೂರ್ಣವಾಗಿದೆ.

ಈ ರೂಪ ಮುಂದೆ ಕುಟುಂಬದ ಗುರುತಾಗಿ ಬೆಳೆಯಿತು. ನರುತೊನ ತಾಯಿ ಕುಶಿನ ‘ದತ್ತೆಬನೆ’ ಎನ್ನುತ್ತಾಳೆ, ಮಗ ಬೊರುತೊ ‘ದತ್ತೆಬಸ’ ಎನ್ನುತ್ತಾನೆ. ‘ಯೊ’, ‘ನೆ’, ‘ಸ’ ಮೂರೂ ಜಪಾನೀ ಭಾಷೆಯ ನಿಜವಾದ ವಾಕ್ಯಾಂತ್ಯ ನಿಪಾತಗಳು. ಮೊದಲ ಭಾಗವನ್ನು ಸ್ಥಿರವಾಗಿಟ್ಟು ಕೊನೆಯ ಸ್ಥಾನದಲ್ಲಿ ಮಾತ್ರ ವ್ಯತ್ಯಾಸ ಮಾಡಿರುವುದು ಗಮನಾರ್ಹ. ಸ್ಥಿರಭಾಗ ವಂಶವನ್ನು, ಬದಲಾಗುವ ನಿಪಾತ ವ್ಯಕ್ತಿಯನ್ನು ಸೂಚಿಸುತ್ತದೆ. ಆಕೃತಿಮಾಗಳ ಗಡಿ ಎಲ್ಲಿದೆಯೆಂಬ ಅರಿವಿಲ್ಲದೆ ಹೀಗೆ ಮಾಡಲಾಗದು.

ನಿಬಂಧನೆ ಕಳಚುವ ಈ ಪ್ರಕ್ರಿಯೆ ಉಳಿದ ರೂಪಗಳಿಗೂ ಅನ್ವಯಿಸುತ್ತದೆ. ‘ಗೊಜ಼ರು’ ಒಮ್ಮೆ ಗೌರವವನ್ನು ಸೂಚಿಸುತ್ತಿತ್ತು. ಪಾತ್ರಭಾಷೆಯಲ್ಲಿ ಅದನ್ನಾಡುವವನು ಎದುರಿಗೆ ಯಾರೇ ಇದ್ದರೂ ಆಡುತ್ತಾನೆ. 1996ರಲ್ಲಿ ಪ್ರಸಾರ ಆರಂಭವಾದ ‘ರುರೋನಿ ಕೆನ್‌ಶಿನ್’ ಇದಕ್ಕೆ ಒಳ್ಳೆಯ ನಿದರ್ಶನ. ಕೊಲ್ಲುವುದಿಲ್ಲವೆಂದು ಪ್ರತಿಜ್ಞೆ ಮಾಡಿದ ಕೆನ್‌ಶಿನ್ ತನ್ನನ್ನು ‘ಸೆಸ್ಶ’ ಎಂದು ವಿನಯದಿಂದ ಕರೆದುಕೊಂಡು ‘ದೆ ಗೊಜ಼ರು’ ಬಳಸುತ್ತಾನೆ. ಹಳೆಯ ಕೊಲೆಗಾರನ ಸ್ವಭಾವ ಮೇಲೆದ್ದಾಗ ಸರ್ವನಾಮ ‘ಒರೆ’ ಆಗುತ್ತದೆ, ‘ಗೊಜ಼ರು’ ಮಾಯವಾಗುತ್ತದೆ. ಅಂತ್ಯವು ಸೂಚಿಸುವುದು ಹೇಳುಗನ ಸ್ಥಿತಿಯನ್ನೇ ಹೊರತು ಕೇಳುಗನ ಸ್ಥಾನಮಾನವನ್ನಲ್ಲ ಎಂಬುದು ಇಂತಹ ಪಲ್ಲಟಗಳಿಂದ ದೃಢಪಡುತ್ತದೆ.

5. ರೂಪಗಳ ಮೂಲ ಮತ್ತು ತೆರಬೇಕಾದ ಬೆಲೆ

ನಿಬಂಧನೆ ಕಳಚುವುದು ವ್ಯಾಕರಣದ ಘಟನೆ ಮಾತ್ರವಲ್ಲ. ಕಳಚಿದ್ದು ಒಂದು ಪ್ರದೇಶದ ನಂಟಾಗಿದ್ದರೆ ಅದಕ್ಕೆ ಸಾಮಾಜಿಕ ಪರಿಣಾಮಗಳೂ ಇರುತ್ತವೆ.

ಹಿರಿಯ ವಿಜ್ಞಾನಿಯ ‘ಜ’ವನ್ನೇ ತೆಗೆದುಕೊಳ್ಳೋಣ. ತೆಜ಼ುಕ ಒಸಮು ಅವರ ‘ತೆತ್ಸುವನ್ ಅತೊಮು’ವಿನ ಒಚನೊಮಿಜ಼ು ಅವರಿಂದ ‘ಮೆಯ್‌ತಂತೆಯ್ ಕೊನನ್’ನ ಅಗಸ ಅವರವರೆಗೆ ವಿಜ್ಞಾನಿಗಳು ತಮ್ಮನ್ನು ‘ವಶಿ’ ಎಂದು ಕರೆದುಕೊಂಡು ‘ಜ’ ಎನ್ನುತ್ತಾರೆ. ಕಿನ್ಸುಯಿ ಅವರ ವಿವರಣೆಯಂತೆ ಇದರ ಬೇರು ಎದೊ ಕಾಲದಲ್ಲಿದೆ. ಇಂದಿನ ಟೋಕಿಯೊ ಆಗಿರುವ ಎದೊ ನಗರದಲ್ಲಿ ಪೂರ್ವದ ಆಡುನುಡಿ ಬಲಗೊಳ್ಳುತ್ತಿದ್ದಾಗ, ವೃದ್ಧರೂ ವೈದ್ಯರು, ವಿದ್ವಾಂಸರಂತಹ ಓದಿದವರೂ ಪ್ರತಿಷ್ಠೆಯಿದ್ದ ಪಶ್ಚಿಮದ ಕ್ಯೋತೊ–ಒಸಾಕ ಕಡೆಯ ರೂಪಗಳನ್ನು ಉಳಿಸಿಕೊಂಡಿದ್ದರು. ನಾಟಕಕಾರರೂ ಕಥೆಗಾರರೂ ಈ ಭೇದವನ್ನು ಹಿಗ್ಗಿಸಿದರು. ಸಮಾಜದಲ್ಲಿ ಭೇದ ಅಳಿದ ಮೇಲೂ ಕಥೆಯಲ್ಲಿ ಅದು ಉಳಿಯಿತು. ಹೀಗೆ ಪ್ರದೇಶದ ಸೂಚಕ ವಯಸ್ಸಿನ ಸೂಚಕವಾಯಿತು. ಹಿರೊಶಿಮದ ಕಡೆಯ ತರುಣರ ಆಡುಮಾತಿನಲ್ಲಿ ‘ಜ’ ಇಂದಿಗೂ ಜೀವಂತವಾಗಿದೆ. ತೆರೆಯ ಮೇಲೆ ಮಾತ್ರ ಅದು ಬಿಳಿಗಡ್ಡದವರ ಮಾತು.

ಈಶಾನ್ಯದ ತೋಹೊಕು ಪ್ರಾಂತದ ರೂಪಗಳಿಗೆ ಇನ್ನೂ ಕಠಿಣವಾದ ಪಾಲು ಬಂದಿದೆ. ಅವು ‘ಹಳ್ಳಿಗ’ನ ಭಾಷೆಯ ಕಚ್ಚಾವಸ್ತುವಾದವು. ಪರಭಾಷೆಯ ಕಾದಂಬರಿಗಳಲ್ಲಿ ಬರುವ ಕಪ್ಪುವರ್ಣದ ಗುಲಾಮರ ಮಾತನ್ನು ಜಪಾನೀ ಭಾಷೆಗೆ ತರುವಾಗಲೂ ಇದೇ ಹಳ್ಳಿಗನ ಭಾಷೆ ಒದಗಿತು. ಇದು ಪ್ರಮಾಣ ಭಾಷೆಯ ನಿರ್ಮಾಣದ ಮತ್ತೊಂದು ಮುಖ. ಟೋಕಿಯೊದ ಸುಶಿಕ್ಷಿತರ ಮಾತು ದೇಶಭಾಷೆಗೆ ಆಧಾರವಾಗಬೇಕೆಂದು ಉಏದ ಕಜ಼ುತೊಶಿ 1895ರಲ್ಲಿ ವಾದಿಸಿದರು. 1904ರಿಂದ ಸರ್ಕಾರವೇ ಸಿದ್ಧಪಡಿಸಿದ ಪಠ್ಯಪುಸ್ತಕಗಳು ಶಾಲೆಗಳಿಗೆ ಬಂದವು. ಒಕಿನಾವದ ಶಾಲೆಗಳಲ್ಲಿ ಮನೆಮಾತನ್ನಾಡಿದ ಮಗುವಿನ ಕೊರಳಿಗೆ ‘ಹೋಗೆನ್ ಫುದ’ ಎಂಬ ಹಲಗೆಯನ್ನು ತೂಗುಹಾಕುವ ಪದ್ಧತಿಯಿತ್ತು. ಆಡಿದರೆ ಅವಮಾನವಾಗುವ ಮಾತು ಎಂಬ ಭಾವನೆ ಒಂದೆಡೆ, ಕೇಳಿದರೆ ನಗು ಬರಿಸುವ ಮಾತು ಎಂಬ ಭಾವನೆ ಇನ್ನೊಂದೆಡೆ; ಇವೆರಡೂ ಒಂದೇ ವ್ಯವಸ್ಥೆಯ ಫಲಗಳು.

ಪರದೇಶಿಯ ಭಾಷೆಯಲ್ಲಿ ಇದು ಮತ್ತೂ ನಿಚ್ಚಳವಾಗುತ್ತದೆ. 1859ರಲ್ಲಿ ಯೊಕೊಹಾಮ ಬಂದರು ತೆರೆದ ಮೇಲೆ ಅಲ್ಲಿ ಬೆಳೆದ ಮಿಶ್ರಭಾಷೆಯಲ್ಲಿ ‘ಅರಿಮಸು’ ಎಂಬ ಒಂದೇ ಕ್ರಿಯೆ ಹಲವು ಕೆಲಸ ಮಾಡುತ್ತಿತ್ತು. ಅದರ ನೆರಳಾದ ‘ಅರು’ ಕಾಲಕ್ರಮದಲ್ಲಿ ಚೀನೀಯರೆಂದು ತೋರಿಸಬೇಕಾದ ಪಾತ್ರಗಳ ಅಂತ್ಯವಾಗಿ ಗಟ್ಟಿಗೊಂಡಿತು. ‘ಗಿಂತಮ’ದ ಕಗುರ ಅನ್ಯಗ್ರಹದವಳು, ಆದರೆ ಅವಳ ಉಡುಪು ಚೀನೀ ಮಾದರಿಯದು, ಅವಳ ಅಂತ್ಯ ‘ಅರು’. ಬಂದರಿನ ಮಿಶ್ರಭಾಷೆ ಅಳಿದ ಎಷ್ಟೋ ಕಾಲದ ನಂತರವೂ ಅದರ ತುಣುಕೊಂದು ಒಂದು ಜನಾಂಗದ ಹಣೆಪಟ್ಟಿಯಾಗಿ ಉಳಿದಿದೆ.

ಕಥೆಯ ನಾಯಕ ಶಿಷ್ಟಭಾಷೆಯನ್ನಾಡುತ್ತಾನೆ, ಏಕೆಂದರೆ ಓದುಗ ತನ್ನನ್ನು ಗುರುತಿಸಿಕೊಳ್ಳುವುದು ಆ ಭಾಷೆಯಲ್ಲಿ ಎಂಬುದು ಕಿನ್ಸುಯಿ ಅವರ ಪ್ರಸಿದ್ಧ ಪ್ರತಿಪಾದನೆ. ನರುತೊ ಇದಕ್ಕೆ ಅಪವಾದದಂತೆ ಕಂಡರೂ ವಸ್ತುತಃ ಅಲ್ಲ. ಅವನ ಅಂತ್ಯವನ್ನು ಕಳೆದರೆ ಉಳಿಯುವುದು ಟೋಕಿಯೊ ಮೂಲದ ಸಾಮಾನ್ಯ ಹುಡುಗನ ಮಾತು. ಲಮ್ ಈಶಾನ್ಯವನ್ನು ಹೋಲುವ ಅಂತ್ಯದೊಡನೆ ಪಶ್ಚಿಮದ ಹೆಂಗಸರ ಸರ್ವನಾಮ ‘ಉಚಿ’ಯನ್ನು ಬೆರೆಸುತ್ತಾಳೆ. ಆ ಬೆರಕೆ ಯಾವ ಊರಿನದೂ ಅಲ್ಲ. ಆ ಕಥೆಯಲ್ಲಿ ನಾವು ಯಾರ ಕಣ್ಣಿನಿಂದ ಲೋಕವನ್ನು ನೋಡುತ್ತೇವೆಯೋ ಆ ಅತರುವಿನ ಮಾತು ಶಿಷ್ಟವಾದದ್ದೇ. ಆದ್ದರಿಂದ ವ್ಯಕ್ತಿಯನ್ನು ಗುರುತಿಸುವ ಅಂತ್ಯವನ್ನೂ ಗುಂಪನ್ನು ಗುರುತಿಸುವ ಅಂತ್ಯವನ್ನೂ ಬೇರ್ಪಡಿಸುವುದು ಅವಶ್ಯ. ‘ದತ್ತೆಬಯೊ’ದಿಂದ ಯಾರಿಗೂ ನೋವಿಲ್ಲ, ಏಕೆಂದರೆ ಹಾಗೆ ಮಾತನಾಡುವ ಜನಸಮುದಾಯವಿಲ್ಲ. ‘ಅರು’ವಿನ ಬಗ್ಗೆ ಹಾಗೆ ಹೇಳಲಾಗದು.

6. ಕನ್ನಡದ ಕಡೆಯಿಂದ

ಪಾತ್ರಕ್ಕೊಂದು ಭಾಷೆಯನ್ನು ಹಂಚುವುದು ನಮಗೆ ಹೊಸದಲ್ಲ. ನಾಟ್ಯಶಾಸ್ತ್ರವು ಉತ್ತಮ ಪುರುಷಪಾತ್ರಗಳಿಗೆ ಸಂಸ್ಕೃತವನ್ನೂ ನಾಯಿಕೆಗೆ ಶೌರಸೇನಿಯನ್ನೂ ವಿಧಿಸುತ್ತದೆ. ‘ಮೃಚ್ಛಕಟಿಕ’ದ ಶಕಾರ ‘ಸ’ಕಾರದ ಜಾಗದಲ್ಲಿ ‘ಶ’ಕಾರವನ್ನು ಆಡುತ್ತಾನೆ, ಅವನ ಹೆಸರಿಗೇ ಆ ಧ್ವನಿಯ ನಂಟಿದೆ. ಬೆಕ್ಕಿನ ‘ನ್ಯ’ಕ್ಕೆ ಇದು ಹತ್ತಿರದ ಬಂಧು. ಆದರೆ ವಾಕ್ಯಾಂತ್ಯದ ವಿಷಯದಲ್ಲಿ ಕನ್ನಡ ಮತ್ತು ಜಪಾನೀ ಭಾಷೆಗಳ ನಡುವೆ ಸಾಮ್ಯದಷ್ಟೇ ಮುಖ್ಯವಾದ ಭೇದಗಳಿವೆ.

ಎರಡೂ ಕ್ರಿಯಾಂತ್ಯ ಭಾಷೆಗಳು. ಎರಡರಲ್ಲೂ ಆಖ್ಯಾತದ ನಂತರ ಬರುವ ಅಂಶಗಳಿಗೆ ಒಂದು ಕ್ರಮವಿದೆ. ‘ಮಳೆಯಂತೆ ಕಣೋ’ ಎಂಬುದನ್ನು ಜಪಾನೀ ಭಾಷೆಯಲ್ಲಿ ‘ಅಮೆ ದ ಸೋ ದ ಯೊ’ ಎನ್ನಬಹುದು. ಕೇಳಿದ ಸುದ್ದಿಯೆಂಬ ಗುರುತು ಮೊದಲು, ಸಂವಾದದ ಗುರುತು ಕೊನೆಗೆ. ‘ಕಣೋ’ ಕೂಡ ಅಧೀನ ವಾಕ್ಯದೊಳಗೆ ಬರಬೇಕಾದರೆ ನೇರ ಉದ್ಧರಣೆಯಾಗಬೇಕು.

ಮೊದಲ ಭೇದ ಸಂಯೋಜಕದ್ದು. ‘ಇದು ಮಳೆ’, ‘ಅವರು ಮೇಷ್ಟ್ರು’ ಎಂಬ ನಾಮವಾಕ್ಯಗಳಲ್ಲಿ ಕನ್ನಡಕ್ಕೆ ಸಂಯೋಜಕ ಕ್ರಿಯೆಯೇ ಬೇಕಿಲ್ಲ. ಪಾತ್ರ-ಸಂಯೋಜಕಗಳು ಕೂರುವ ಪೀಠ ನಮ್ಮ ವಾಕ್ಯದಲ್ಲಿ ಇಲ್ಲ. ಎರಡನೆಯ ಭೇದ ಇನ್ನೂ ಆಳವಾದದ್ದು. ‘ಕಣೋ, ಕಣೇ, ಕಣ್ರೀ’ ಎಂಬ ಸರಣಿ ಕೇಳುಗನ ಲಿಂಗವನ್ನೂ ಸಲುಗೆಯನ್ನೂ ಗೌರವವನ್ನೂ ಸೂಚಿಸುತ್ತದೆ. ‘ಮಳೆ ಕಣೇ’ ಎಂದಾಗ ಎದುರಿಗಿರುವವಳು ಹೆಣ್ಣೆಂದು ತಿಳಿಯುತ್ತದೆ. ಹೇಳಿದವರು ಗಂಡೋ ಹೆಣ್ಣೋ, ಮುದುಕರೋ ಮಕ್ಕಳೋ ತಿಳಿಯುವುದಿಲ್ಲ. ಪಾತ್ರಾಂತ್ಯದಲ್ಲಿ ತಿಳಿಯುವುದು ಇದಕ್ಕೆ ಸರಿಯಾಗಿ ವಿರುದ್ಧವಾದದ್ದು.

ಅನುವಾದದಲ್ಲಿ ಇದರ ಫಲ ನೇರವಾಗಿ ಕಾಣುತ್ತದೆ. ಲಮ್‌ಳ ‘ದಚ್ಚ’ಕ್ಕೆ ‘ಕಣೋ’ ಇಟ್ಟರೆ ಹೇಳುಗಳ ಗುರುತು ಅಳಿದು ಕೇಳುಗನ ಗುರುತು ಬಂದುಕೂರುತ್ತದೆ. ಅವಳಿಗೆ ಧಾರವಾಡದ ಅಥವಾ ಕುಂದಾಪುರದ ಕನ್ನಡವನ್ನು ಕೊಟ್ಟರೆ ಹೇಳುಗಳ ಗುರುತೇನೋ ಸಿಗುತ್ತದೆ. ಆದರೆ ಜೀವಂತ ಜನರ ಮಾತೊಂದು ಕೊಂಬುಳ್ಳ ಅನ್ಯಲೋಕದವಳ ವೇಷವಾಗುತ್ತದೆ. ಸೀಮೆಯ ಮಾತು ಹಾಸ್ಯದ ಪಾತ್ರಕ್ಕೆ, ಶಿಷ್ಟ ಮಾತು ನಾಯಕನಿಗೆ ಎಂಬ ಹಂಚಿಕೆಯನ್ನು ನಮ್ಮ ಚಲನಚಿತ್ರಗಳಲ್ಲಿ ಕಂಡವರಿಗೆ ಇದರ ಇರುಸುಮುರುಸು ಗೊತ್ತು. ‘ದತ್ತೆಬಯೊ’ಕ್ಕೆ ಮಾತ್ರ ಒಂದು ದಾರಿ ತೆರೆದಿದೆ: ಸಂದರ್ಭ ನೋಡದೆ ಎಲ್ಲ ಕಡೆ ‘ಅಂದ್ರೆ’ ಸೇರಿಸುವುದು. ಮೊದಮೊದಲು ಅದು ತಪ್ಪಾಗಿ ಕೇಳಿಸೀತು. ನಾಲ್ಕಾರು ಕಂತುಗಳ ಮೇಲೆ ಅದು ಆ ಹುಡುಗನ ಮಾತಾದೀತು. ಮೂಲದಲ್ಲಿ ನಡೆದದ್ದೂ ಅದೇ.

7. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಅಂಶಗಳು ಹೊರಡುತ್ತವೆ. ಪಾತ್ರಾಂತ್ಯಗಳು ವಾಕ್ಯರಚನೆಯ ನಿಶ್ಚಿತ ಸ್ಥಾನಗಳಿಗೆ ಬದ್ಧವಾಗಿವೆ. ಸಹಜ ನಿಪಾತಗಳ ನಿರ್ಬಂಧಗಳನ್ನು ಹೊಸದಾಗಿ ಸೃಷ್ಟಿಸಿದ ರೂಪಗಳೂ ಪಾಲಿಸುತ್ತವೆ. ರೂಪವೊಂದರ ಪ್ರಾದೇಶಿಕ, ಐತಿಹಾಸಿಕ ಅಥವಾ ಸಾಂದರ್ಭಿಕ ನಿಬಂಧನೆ ಕಳಚಿದಾಗ ಅದು ಹೇಳುಗನ ಸೂಚಕವಾಗುತ್ತದೆ. ಕಳಚಿದ ನಿಬಂಧನೆ ಒಂದು ಜನಸಮುದಾಯದ್ದಾಗಿದ್ದರೆ, ಆ ಸಮುದಾಯ ತನ್ನ ಮಾತನ್ನು ಪರರ ವೇಷದಲ್ಲಿ ಕೇಳಬೇಕಾಗುತ್ತದೆ.

ಕನ್ನಡದ ಕಾಮಿಕ್ಸ್, ಚಲನಚಿತ್ರ, ಹಾಸ್ಯನಾಟಕಗಳ ಸಂಭಾಷಣೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವ ಕೆಲಸಕ್ಕೆ ಸಂಶೋಧನಾರ್ಥಿಗಳು ಕೈಹಾಕಬಹುದು. ಯಾವ ರೂಪ ಯಾರ ಬಾಯಿಗೆ ಬಂದಿದೆ ಎಂದು ಪಟ್ಟಿಮಾಡಿದರೆ ಸಾಲದು. ಅದು ತನ್ನ ಊರಿನಲ್ಲಿ ಯಾವ ನಿಬಂಧನೆಯಡಿ ಬಳಕೆಯಾಗುತ್ತದೆ, ಪಾತ್ರದ ಬಾಯಲ್ಲಿ ಅದರಲ್ಲಿ ಯಾವುದು ಬಿಟ್ಟುಹೋಗಿದೆ ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ‘ದತ್ತೆಬಯೊ’ ಎಂದರೇನು ಎಂದು ಕೇಳುವ ವಿದ್ಯಾರ್ಥಿಗೂ ಉತ್ತರ ಅಲ್ಲಿಂದಲೇ ಆರಂಭವಾಗುತ್ತದೆ: ಟೋಕಿಯೊದ ಮನೆಯಲ್ಲಿ ಅದು ‘ಅಂದ್ರೆ’, ನರುತೊನ ಬಾಯಲ್ಲಿ ಅದು ನರುತೊ.